ಬಂಡೆಯ ಮೇಲಿನ ಎಲಾಂಡ್: ಸಾನ್ ಚಿತ್ರಗಳ ಅರ್ಥ ತಿಳಿದದ್ದು ಹೇಗೆ?

ದಕ್ಷಿಣ ಆಫ್ರಿಕಾದ ಪಾಸ್‌ಪೋರ್ಟಿನ ಹೊದಿಕೆಯ ಮೇಲೂ ನಾಣ್ಯಗಳ ಮೇಲೂ ಅಚ್ಚಾಗಿರುವ ರಾಷ್ಟ್ರಲಾಂಛನದ ನಡುವೆ ಒಂದು ಗುರಾಣಿಯಿದೆ. ಗುರಾಣಿಯೊಳಗೆ ಇಬ್ಬರು ಮನುಷ್ಯರು ಎದುರುಬದುರಾಗಿ ನಿಂತಿದ್ದಾರೆ. 2000ದ ಏಪ್ರಿಲ್ 27ರಂದು ಬಳಕೆಗೆ ಬಂದ ಈ ಲಾಂಛನದ ಮನುಷ್ಯಾಕೃತಿಗಳ ಮೂಲ ಒಂದು ಹಳೆಯ ಬಂಡೆಚಿತ್ರ. ಈಸ್ಟರ್ನ್ ಕೇಪ್ ಪ್ರಾಂತದ ಲಿಂಟನ್ ಎಂಬ ಜಮೀನಿನ ಕಲ್ಲಾಸರೆಯಿಂದ ಆ ಬಂಡೆಯನ್ನು 1917ರಲ್ಲಿ ಕಡಿದು ತೆಗೆದು ಕೇಪ್‌ಟೌನ್‌ನ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಗಿತ್ತು. ಚಿತ್ರ ಬರೆದವರು ಸಾನ್ ಜನ. ಲಾಂಛನದಲ್ಲಿರುವ ಧ್ಯೇಯವಾಕ್ಯವೂ ಸಾನ್ ಭಾಷೆಗಳಲ್ಲೊಂದಾದ ಖಾಮ್‌ನಲ್ಲಿದೆ. ಆ ಭಾಷೆಯನ್ನು ಆಡುವವರು ಈಗ ಒಬ್ಬರೂ ಉಳಿದಿಲ್ಲ. ಆಗಿನ ಅಧ್ಯಕ್ಷ ಥಾಬೊ ಎಂಬೆಕಿಯವರ ಸರ್ಕಾರದ ಕೋರಿಕೆಯ ಮೇರೆಗೆ ಆ ವಾಕ್ಯವನ್ನು ಖಾಮ್ ಭಾಷೆಯಲ್ಲಿ ರೂಪಿಸಿಕೊಟ್ಟವರು ಡೇವಿಡ್ ಲೂಯಿಸ್-ವಿಲಿಯಮ್ಸ್ ಎಂಬ ಪುರಾತತ್ವಜ್ಞರು.

ನುಡಿಯುವವರೇ ಇಲ್ಲದ ಭಾಷೆಯಲ್ಲಿ ಒಬ್ಬ ಪುರಾತತ್ವಜ್ಞ ವಾಕ್ಯ ಕಟ್ಟಲು ಹೇಗೆ ಸಾಧ್ಯವಾಯಿತು, ಚಿತ್ರ ಬರೆದವರ ಪರಂಪರೆಯೇ ಕಡಿದುಹೋದ ಮೇಲೆ ಆ ಚಿತ್ರಗಳ ಅರ್ಥ ಯಾರಿಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆಗಳು ಇಲ್ಲಿ ಸಹಜವಾಗಿ ಏಳುತ್ತವೆ. ಲೂಯಿಸ್-ವಿಲಿಯಮ್ಸ್ ಅವರ ವೃತ್ತಿಜೀವನವನ್ನು ಹಿಂಬಾಲಿಸಿದರೆ ಎರಡಕ್ಕೂ ಉತ್ತರ ಸಿಗುತ್ತದೆ.

ಸಾನ್ ಜನ ಯಾರು?

ಸಾನ್ ಎಂಬುದು ಒಂದೇ ಬುಡಕಟ್ಟಿನ ಹೆಸರಲ್ಲ. ಬೋಟ್ಸ್ವಾನಾ, ನಮೀಬಿಯಾ, ದಕ್ಷಿಣ ಆಫ್ರಿಕಾ, ಅಂಗೋಲಾ ಮತ್ತು ಸುತ್ತಲಿನ ದೇಶಗಳಲ್ಲಿ ಬೇಟೆಯಿಂದಲೂ ಗೆಡ್ಡೆ-ಗೆಣಸು, ಹಣ್ಣು-ಹಂಪಲುಗಳ ಸಂಗ್ರಹದಿಂದಲೂ ಸಾವಿರಾರು ವರ್ಷ ಬದುಕು ನಡೆಸಿದ ಅನೇಕ ಜನಸಮುದಾಯಗಳನ್ನು ಒಟ್ಟಾಗಿ ಹೀಗೆ ಕರೆಯುತ್ತಾರೆ. ಹಳೆಯ ಪುಸ್ತಕಗಳಲ್ಲಿ ಇವರನ್ನು ಬುಷ್‌ಮನ್ ಎಂದು ಬರೆದಿರುವುದುಂಟು. ಇವರ ಭಾಷೆಗಳು ಹಲವು. ಒಂದನ್ನಾಡುವವರಿಗೆ ಇನ್ನೊಂದು ಅರ್ಥವಾಗದಷ್ಟು ಅವು ಭಿನ್ನವಾಗಿವೆ. ನಾಲಿಗೆಯನ್ನು ಅಂಗುಳಿಗೋ ಹಲ್ಲಿಗೋ ಒತ್ತಿ ಥಟ್ಟನೆ ಬಿಡಿಸಿದಾಗ ಹೊರಡುವ, ಲೊಚಗುಟ್ಟಿದಂಥ ಸದ್ದುಗಳು ಈ ಭಾಷೆಗಳಲ್ಲಿ ವ್ಯಂಜನಗಳಾಗಿ ಬರುತ್ತವೆ. ಅವುಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲದ ಕಾರಣ ಇಲ್ಲಿನ ಹೆಸರುಗಳನ್ನು ಆ ಸದ್ದು ಬಿಟ್ಟೇ ಬರೆಯಲಾಗಿದೆ.

18 ಮತ್ತು 19ನೆಯ ಶತಮಾನಗಳಲ್ಲಿ ಯುರೋಪಿನ ವಲಸಿಗರು ಕೇಪ್‌ನಿಂದ ಒಳನಾಡಿಗೆ ಹಬ್ಬಿದಂತೆ ಸಾನ್ ಜನರ ನೀರಿನ ತಾಣಗಳೂ ಬೇಟೆಯ ಬಯಲುಗಳೂ ಅವರ ಕೈತಪ್ಪಿದವು. ವಲಸಿಗ ರೈತರ ಸಶಸ್ತ್ರ ತಂಡಗಳು ಗಂಡಸರನ್ನು ಕೊಂದು ಮಕ್ಕಳನ್ನು ದುಡಿಮೆಗೆ ಹಿಡಿದೊಯ್ಯುತ್ತಿದ್ದವು. ಈಗಿನ ದಕ್ಷಿಣ ಆಫ್ರಿಕಾದ ಬಹುಭಾಗದಲ್ಲಿ 19ನೆಯ ಶತಮಾನ ಮುಗಿಯುವ ಹೊತ್ತಿಗೆ ಸ್ವತಂತ್ರವಾಗಿ ಬಾಳುವ ಸಾನ್ ಗುಂಪುಗಳು ಇಲ್ಲವಾದವು. ಉಳಿದವರಲ್ಲಿ ಅನೇಕರು ನೆರೆಯ ಕೃಷಿಕ ಸಮುದಾಯಗಳಲ್ಲಿ ಬೆರೆತುಹೋದರು. ಚಿತ್ರ ಬರೆಯುವ ಪದ್ಧತಿ ನಿಂತುಹೋದದ್ದು ಈ ಹಿಂಸೆಯ ಫಲವಾಗಿ ಎಂಬುದನ್ನು ಮರೆತು ಆ ಚಿತ್ರಗಳನ್ನು ನೋಡಲಾಗದು.

ಬಂಡೆಗಳ ಮೇಲೆ ಏನಿದೆ?

ಬಂಡೆಗಳ ಮೇಲಿನ ಕಲೆ ಎರಡು ಬಗೆಯದು. ಬಣ್ಣದಿಂದ ಬರೆದದ್ದು ಒಂದು. ಕಲ್ಲಿನಿಂದ ಕುಟ್ಟಿ ಅಥವಾ ಗೀರಿ ಮೂಡಿಸಿದ್ದು ಇನ್ನೊಂದು. ಮಳೆ-ಬಿಸಿಲು ನೇರವಾಗಿ ತಾಗದ ಕಲ್ಲಾಸರೆಗಳಿರುವ ಬೆಟ್ಟಸೀಮೆಯಲ್ಲಿ ವರ್ಣಚಿತ್ರಗಳು ಹೆಚ್ಚು. ಒಳನಾಡಿನ ಬಯಲುಗಳಲ್ಲಿ, ತೆರೆದ ಬಂಡೆಗಳ ಮೇಲೆ ಕುಟ್ಟುಚಿತ್ರಗಳು ಹೆಚ್ಚು. ದಕ್ಷಿಣ ಆಫ್ರಿಕಾ ಮತ್ತು ಲೆಸೊಥೊ ದೇಶಗಳ ಗಡಿಯಲ್ಲಿ ಹಬ್ಬಿರುವ ಡ್ರೇಕನ್ಸ್‌ಬರ್ಗ್ ಪರ್ವತಸಾಲು ವರ್ಣಚಿತ್ರಗಳ ಭಂಡಾರವೇ ಸರಿ. ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಅಲ್ಲಿನ ಉದ್ಯಾನದಲ್ಲಿ 600ಕ್ಕೂ ಹೆಚ್ಚು ಚಿತ್ರನೆಲೆಗಳೂ ಸುಮಾರು 35,000 ಚಿತ್ರಗಳೂ ಲೆಕ್ಕಕ್ಕೆ ಸಿಕ್ಕಿವೆ. 2013ರಲ್ಲಿ ಲೆಸೊಥೊದ ಭಾಗವನ್ನೂ ಇದಕ್ಕೆ ಸೇರಿಸಲಾಯಿತು.

ಕೆಂಪು, ಹಳದಿ ಬಣ್ಣಗಳು ಕಬ್ಬಿಣದ ಅಂಶವಿರುವ ಕಾವಿಕಲ್ಲಿನಿಂದ ಬಂದವು. ಬಿಳುಪು ಬಿಳಿಜೇಡಿಯಂಥ ಖನಿಜಗಳಿಂದ, ಕಪ್ಪು ಇದ್ದಿಲು ಮತ್ತು ಮಸಿಯಿಂದ. ಬಣ್ಣ ಬೆರೆಸುವ ಬಗೆಯನ್ನು ಕಣ್ಣಾರೆ ಕಂಡು ಬರೆದಿಟ್ಟ ವರದಿ ಅಪರೂಪ. ಅಂಥದೊಂದು 1930ರಲ್ಲಿ ಲೆಸೊಥೊದಲ್ಲಿ ಮೇರಿಯನ್ ಹೌ ಎಂಬ ಮಹಿಳೆಗೆ ಸಿಕ್ಕಿತು. ಎಳೆವಯಸ್ಸಿನಲ್ಲಿ ಸಾನ್ ಮೂಲದ ತನ್ನ ಮಲಸೋದರರೊಡನೆ ಚಿತ್ರ ಬರೆಯಲು ಕಲಿತಿದ್ದ ಮಪೋಟೆ ಎಂಬ ವೃದ್ಧನನ್ನು ಆಕೆ ಚಿತ್ರ ಬರೆದು ತೋರಿಸುವಂತೆ ಕೇಳಿಕೊಂಡರು. ಆತ ಸಣ್ಣ ಜೊಂಡಿನ ತುದಿಗೆ ಹಕ್ಕಿಯ ಗರಿ ಸಿಕ್ಕಿಸಿ ಕುಂಚ ಮಾಡಿಕೊಂಡ. ಕೆಂಪು ಖನಿಜವನ್ನು ಬೆಂಕಿಯಲ್ಲಿ ಕಾಯಿಸಿ ಎರಡು ಕಲ್ಲುಗಳ ನಡುವೆ ಅರೆದು ಪುಡಿಮಾಡುವ ಕ್ರಮವನ್ನು ತಿಳಿಸಿದ. ಅದನ್ನು ಕಲಸಲು ಆಗತಾನೆ ಕೊಂದ ಎಲಾಂಡ್‌ನ ರಕ್ತ ಬೇಕೆಂದು ಕೇಳಿದ. ಎಲಾಂಡ್ ಎಂದರೆ ಆಫ್ರಿಕಾದ ಅತಿ ದೊಡ್ಡ ಹುಲ್ಲೆ; ಕೊಬ್ಬಿದ ಗಂಡು ನಮ್ಮ ಎತ್ತಿಗಿಂತ ಭಾರ ತೂಗಬಲ್ಲದು. ಬಣ್ಣಕ್ಕೆ ಯಾವ ರಕ್ತವಾದರೂ ಆದೀತು ಎನ್ನದೆ ಆ ಒಂದು ಪ್ರಾಣಿಯ ರಕ್ತವನ್ನೇ ಆತ ಕೇಳಿದ್ದೇಕೆ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ಚಿತ್ರಗಳ ವಯಸ್ಸನ್ನು ನಿರ್ಧರಿಸುವುದು ಕಷ್ಟ. ಕಾವಿಕಲ್ಲಿನಲ್ಲಿ ಇಂಗಾಲವಿಲ್ಲದ್ದರಿಂದ ರೇಡಿಯೊ ಕಾರ್ಬನ್ ವಿಧಾನಕ್ಕೆ ಅದು ಒಗ್ಗುವುದಿಲ್ಲ. ಇದ್ದಿಲು ಅಥವಾ ಮಸಿ ಬೆರೆತ ಕಪ್ಪು ಬಣ್ಣ ಸಿಕ್ಕರೆ ಮಾತ್ರ ಪ್ರಯೋಗ ಸಾಧ್ಯ. 2017ರಲ್ಲಿ ಪ್ರಕಟವಾದ ಅಂಥ ಅಧ್ಯಯನವೊಂದು ಬೋಟ್ಸ್ವಾನಾದ ಕೆಲವು ಚಿತ್ರಗಳು 4,000 ವರ್ಷಗಳಿಗೂ ಹಿಂದಿನವೆಂದೂ ಡ್ರೇಕನ್ಸ್‌ಬರ್ಗ್ ಪ್ರದೇಶದ ಕೆಲವು ಸುಮಾರು 3,000 ವರ್ಷ ಹಳೆಯವೆಂದೂ ತೋರಿಸಿತು. ಪರಂಪರೆಯ ಇನ್ನೊಂದು ತುದಿ ನಮಗೆ ಬಹಳ ಹತ್ತಿರದ್ದು: ಕುದುರೆ, ಬಂದೂಕು ಮತ್ತು ವಲಸಿಗರನ್ನು ತೋರಿಸುವ ಚಿತ್ರಗಳು 19ನೆಯ ಶತಮಾನದವು.

ಎಣಿಕೆಯಿಂದ ಅರ್ಥದ ಕಡೆಗೆ

20ನೆಯ ಶತಮಾನದ ಮೊದಲ ಭಾಗದಲ್ಲಿ ಈ ಚಿತ್ರಗಳಿಗೆ ಎರಡು ವಿವರಣೆಗಳು ಚಾಲ್ತಿಯಲ್ಲಿದ್ದವು. ಬೇಟೆ ಚೆನ್ನಾಗಿ ಸಿಗಲೆಂದು ಮಾಡಿದ ಮಾಟ ಎಂದು ಕೆಲವರೂ, ಬಿಡುವಿನ ವೇಳೆಯಲ್ಲಿ ಕಂಡದ್ದನ್ನು ಸಂತೋಷಕ್ಕಾಗಿ ಬರೆದದ್ದು ಎಂದು ಇನ್ನು ಕೆಲವರೂ ಹೇಳುತ್ತಿದ್ದರು. ಎರಡೂ ಊಹೆಗಳು ಹೊರಗಿನವರವು. ಚಿತ್ರ ಬರೆದ ಸಮುದಾಯದ ಮಾತನ್ನು ಅವು ಸಾಕ್ಷಿಯಾಗಿ ಕರೆದಿರಲಿಲ್ಲ.

1934ರಲ್ಲಿ ಕೇಪ್‌ಟೌನ್‌ನಲ್ಲಿ ಹುಟ್ಟಿದ ಲೂಯಿಸ್-ವಿಲಿಯಮ್ಸ್ ಮೊದಲು ಶಾಲಾ ಮೇಷ್ಟರಾಗಿದ್ದರು. ಡರ್ಬನ್ ಸಮೀಪದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತ, ಡ್ರೇಕನ್ಸ್‌ಬರ್ಗ್‌ನ ಕಲ್ಲಾಸರೆಗಳಲ್ಲಿ ಚಿತ್ರಗಳನ್ನು ದಾಖಲಿಸುತ್ತಿದ್ದರು. ಅದು ಎಣಿಕೆಯ ಕಾಲ. ಅದೇ ಬೆಟ್ಟಗಳ ತಪ್ಪಲಿನಲ್ಲಿ ಬೆಳೆದ ಪೆಟ್ರೀಷಿಯಾ ವಿನಿಕೂಂಬ್ 8,000ಕ್ಕೂ ಹೆಚ್ಚು ಚಿತ್ರಗಳನ್ನು ನಕಲಿಸಿ ವರ್ಗೀಕರಿಸಿದ್ದರು. ಹೆರಾಲ್ಡ್ ಪೇಗರ್ ಎಂಡೆಡೆಮಾ ಎಂಬ ಒಂದೇ ಕಣಿವೆಯಲ್ಲಿ ಸುಮಾರು 3,900 ಚಿತ್ರಗಳನ್ನು ದಾಖಲಿಸಿದ್ದರು. ಪ್ರಾಣಿ ಯಾವುದು, ಯಾವ ಬಣ್ಣ, ಯಾವ ಭಂಗಿ, ಯಾವ ದಿಕ್ಕಿಗೆ ಮುಖ ಎಂದು ಪ್ರತಿಯೊಂದನ್ನೂ ಕೋಷ್ಟಕಕ್ಕೆ ಇಳಿಸುವುದು ಆಗಿನ ವಿಧಾನವಾಗಿತ್ತು.

ಎಣಿಕೆ ಒಂದು ದೊಡ್ಡ ಉಪಕಾರ ಮಾಡಿತು. ಡ್ರೇಕನ್ಸ್‌ಬರ್ಗ್‌ನಲ್ಲಿ ಅತಿ ಹೆಚ್ಚು ಬಾರಿ, ಅತಿ ಹೆಚ್ಚು ಶ್ರದ್ಧೆಯಿಂದ ಬರೆದ ಪ್ರಾಣಿ ಎಲಾಂಡ್ ಎಂದು ಅದು ಖಚಿತಪಡಿಸಿತು. ಕಲ್ಲಾಸರೆಗಳ ನೆಲ ಅಗೆದಾಗ ಸಿಗುವ ಮೂಳೆಗಳು ಬೇರೆಯೇ ಹೇಳುತ್ತಿದ್ದವು: ಜನ ಹೆಚ್ಚಾಗಿ ತಿಂದದ್ದು ಸಣ್ಣ ಪ್ರಾಣಿಗಳನ್ನು. ಆ ಬೆಟ್ಟಗಳ ಬಯಲಲ್ಲಿ ಹೇರಳವಾಗಿದ್ದ ವೈಲ್ಡ್‌ಬೀಸ್ಟ್ ಎಂಬ ಹುಲ್ಲೆ ಚಿತ್ರಗಳಲ್ಲಿ ಬಹಳ ವಿರಳ. ಹಾಗಾದರೆ ಚಿತ್ರಗಳು ಊಟದ ಪಟ್ಟಿಯೂ ಅಲ್ಲ, ಸುತ್ತಲಿನ ಕಾಡಿನ ಪ್ರತಿಬಿಂಬವೂ ಅಲ್ಲ ಎಂದಾಯಿತು. ಆಯ್ಕೆಯ ಹಿಂದೆ ಏನೋ ವಿಚಾರವಿದೆ ಎಂಬಲ್ಲಿಗೆ ಅಂಕಿಗಳು ಬಂದು ನಿಂತವು. ಆ ವಿಚಾರ ಯಾವುದೆಂದು ಹೇಳುವ ಶಕ್ತಿ ಅವುಗಳಿಗಿರಲಿಲ್ಲ. ಲೂಯಿಸ್-ವಿಲಿಯಮ್ಸ್ ತಮ್ಮ ದಾರಿ ಬದಲಿಸಿದ್ದು ಈ ಹಂತದಲ್ಲಿ. 1970ರ ದಶಕದಲ್ಲಿ ಅವರು ಬಂಡೆಗಳಷ್ಟೇ ಗಮನವನ್ನು ನೂರು ವರ್ಷ ಹಿಂದಿನ ಒಂದು ಹಸ್ತಪ್ರತಿ ಸಂಗ್ರಹಕ್ಕೆ ಕೊಡತೊಡಗಿದರು.

ಕೈದಿಗಳು ಹೇಳಿ ಬರೆಯಿಸಿದ ಪುಟಗಳು

1870ರಲ್ಲಿ ಕೇಪ್‌ಟೌನ್‌ನ ಬ್ರೇಕ್‌ವಾಟರ್ ಸೆರೆಮನೆಯಲ್ಲಿ ಖಾಮ್ ಭಾಷೆಯಾಡುವ ಸಾನ್ ಕೈದಿಗಳಿದ್ದರು. ಅನೇಕರ ಮೇಲೆ ದನ-ಕುರಿ ಕದ್ದ ಆರೋಪ. ಜರ್ಮನ್ ಭಾಷಾವಿದ್ವಾಂಸ ವಿಲ್ಹೆಲ್ಮ್ ಬ್ಲೀಕ್ ಸರ್ಕಾರದ ಒಪ್ಪಿಗೆ ಪಡೆದು ಅವರಲ್ಲಿ ಕೆಲವರನ್ನು ಮೌಬ್ರೆಯಲ್ಲಿದ್ದ ತಮ್ಮ ಮನೆಯಲ್ಲಿ ಇರಿಸಿಕೊಂಡರು. ಬ್ಲೀಕ್ ಅವರೂ ಅವರ ನಾದಿನಿ ಲೂಸಿ ಲಾಯ್ಡ್ ಅವರೂ ಖಾಮ್ ಭಾಷೆ ಕಲಿತು, ಅದಕ್ಕೆ ಲಿಪಿಕ್ರಮ ರೂಪಿಸಿ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡರು. ಪುಟದ ಒಂದು ಬದಿಗೆ ಖಾಮ್, ಇನ್ನೊಂದು ಬದಿಗೆ ಇಂಗ್ಲಿಷ್. 1875ರಲ್ಲಿ ಬ್ಲೀಕ್ ತೀರಿಕೊಂಡ ಮೇಲೂ ಲಾಯ್ಡ್ ಈ ಕೆಲಸ ಬಿಡಲಿಲ್ಲ. ಕಾಬ್ಬೊ, ದಿಯಾಕ್ವಾಯ್ನ್, ಹಾನ್‌ಕಾಸ್ಸೊ ಮೊದಲಾದವರು ಹೇಳಿದ ಕಥೆ, ನಂಬಿಕೆ, ಬೇಟೆಯ ನಿಯಮ, ಸ್ವಂತ ಬದುಕಿನ ನೆನಪುಗಳು ಸುಮಾರು 12,000 ಪುಟ ತುಂಬಿದವು. ಯುನೆಸ್ಕೊ 1997ರಲ್ಲಿ ಈ ಸಂಗ್ರಹವನ್ನು ತನ್ನ ವಿಶ್ವಸ್ಮೃತಿ ದಾಖಲೆಗೆ ಸೇರಿಸಿತು. ಖಾಮ್ ಭಾಷೆಯಲ್ಲಿ ಇಂದು ಒಂದು ವಾಕ್ಯ ಕಟ್ಟಲು ಸಾಧ್ಯವಿದ್ದರೆ ಅದು ಆ ಕೈದಿಗಳ ಮತ್ತು ಲಾಯ್ಡ್ ಅವರ ತಾಳ್ಮೆಯಿಂದ.

ಇದೇ ವೇಳೆಗೆ, 1873ರ ಕೊನೆಯಲ್ಲಿ, ಜೋಸೆಫ್ ಓರ್ಪೆನ್ ಎಂಬ ಬ್ರಿಟಿಷ್ ಅಧಿಕಾರಿ ಲೆಸೊಥೊದ ಬೆಟ್ಟಗಳಲ್ಲಿ ಚಿಂಗ್ ಎಂಬ ಸಾನ್ ಯುವಕನನ್ನು ದಾರಿ ತೋರಲು ಕರೆದುಕೊಂಡು ಹೋಗಿದ್ದರು. ರಾತ್ರಿ ಬೆಂಕಿಯ ಬಳಿ ಕುಳಿತು ಚಿಂಗ್ ಹೇಳಿದ ಕಥೆಗಳನ್ನೂ, ದಾರಿಯಲ್ಲಿ ಕಂಡ ಚಿತ್ರಗಳಿಗೆ ಅವನು ಕೊಟ್ಟ ವಿವರಣೆಯನ್ನೂ ಅವರು ಬರೆದುಕೊಂಡರು. ಹುಲ್ಲೆಯ ತಲೆಯುಳ್ಳ ಮನುಷ್ಯರ ಚಿತ್ರವನ್ನು ತೋರಿಸಿದಾಗ, ಅವರು ಸತ್ತು ಈಗ ನದಿಗಳೊಳಗೆ ಬಾಳುತ್ತಿದ್ದಾರೆಂದೂ, ಎಲಾಂಡ್‌ಗಳು ಕೆಟ್ಟ ಹೊತ್ತಿನಲ್ಲೇ, ಚಿತ್ರಗಳಲ್ಲಿ ಕಾಣುವ ಕುಣಿತಗಳಿಂದ, ಇವರೂ ಕೆಟ್ಟರೆಂದೂ ಚಿಂಗ್ ಹೇಳಿದ. ಓರ್ಪೆನ್ ಅವರಿಗೆ ಈ ಮಾತಿನ ತಲೆಬುಡ ತಿಳಿಯಲಿಲ್ಲ. ಆದರೆ ತಿದ್ದದೆ ಅಚ್ಚಿಗೆ ಕೊಟ್ಟರು. ಅವರ ನಕಲುಚಿತ್ರಗಳು ಬ್ಲೀಕ್ ಕೈಗೆ ಬಂದಾಗ ಅವನ್ನು ದಿಯಾಕ್ವಾಯ್ನ್‌ಗೆ ತೋರಿಸಲಾಯಿತು. ದೊಡ್ಡ ಪ್ರಾಣಿಯೊಂದನ್ನು ಜನ ಹಗ್ಗ ಹಿಡಿದು ನಡೆಸುತ್ತಿರುವ ಚಿತ್ರವನ್ನು ಕಂಡು ಆತ ಅದು ಮಳೆಯ ಪ್ರಾಣಿ ಎಂದ. ಮಳೆ ತರಿಸುವವರು ಆ ಪ್ರಾಣಿಯನ್ನು ನೀರಿನಿಂದ ಹಿಡಿದು ತಂದು ಒಣಗಿದ ನೆಲದ ಮೇಲೆ ನಡೆಸುತ್ತಾರೆ, ಅದು ಹಾದಲ್ಲಿ ಮಳೆ ಬೀಳುತ್ತದೆ ಎಂಬುದು ಖಾಮ್ ಜನರ ನಂಬಿಕೆ. ಅಂಥ ಪ್ರಾಣಿ ಯಾವ ಕಾಡಿನಲ್ಲೂ ಇಲ್ಲ; ಹೊರಗಿನವನೊಬ್ಬ ಎಷ್ಟು ಹೊತ್ತು ಬಂಡೆಯ ಮುಂದೆ ನಿಂತರೂ ಅದನ್ನು ತಾನಾಗಿ ಗುರುತಿಸಲಾರ.

ಕಲಹಾರಿಯ ಕುಣಿತ

ಮೂರನೆಯ ಸಾಕ್ಷಿ ಬದುಕಿರುವ ಜನರದು. ಕಲಹಾರಿ ಮರುಭೂಮಿಯ ಸಾನ್ ಸಮುದಾಯಗಳಲ್ಲಿ ವಾಸಿಯಾಗಿಸುವ ಕುಣಿತವನ್ನು 1950ರ ದಶಕದಿಂದ ಮಾನವಶಾಸ್ತ್ರಜ್ಞರು ವಿವರವಾಗಿ ದಾಖಲಿಸಿದ್ದಾರೆ. ಹೆಂಗಸರು ಬೆಂಕಿಯ ಸುತ್ತ ಒತ್ತಾಗಿ ಕುಳಿತು ಚಪ್ಪಾಳೆ ತಟ್ಟಿ ಹಾಡುತ್ತಾರೆ. ಗಂಡಸರು ಕಾಲಿಗೆ ಗಿಲಕಿ ಕಟ್ಟಿಕೊಂಡು ಅವರ ಸುತ್ತ ಗಂಟೆಗಟ್ಟಲೆ, ಎಷ್ಟೋ ಬಾರಿ ಬೆಳಗಾಗುವವರೆಗೆ ಕುಣಿಯುತ್ತಾರೆ. ಕುಣಿಯುತ್ತ ಹೋದಂತೆ ಕೆಲವರೊಳಗೆ ಒಂದು ಶಕ್ತಿ ಕುದಿದು ಬೆನ್ನೆಲುಬಿನುದ್ದಕ್ಕೂ ಮೇಲೇರುತ್ತದೆ ಎಂದು ಅವರು ವಿವರಿಸುತ್ತಾರೆ. ಹೊಟ್ಟೆ ಹಿಡಿದುಕೊಂಡು ದೇಹ ಮುಂದಕ್ಕೆ ಬಾಗುತ್ತದೆ, ಕೋಲೂರಿ ನಿಲ್ಲಬೇಕಾಗುತ್ತದೆ, ಕೆಲವರು ತೋಳುಗಳನ್ನು ಹಿಂದಕ್ಕೆ ಚಾಚುತ್ತಾರೆ, ಕೊನೆಗೆ ಮೈಮರೆತು ಬೀಳುತ್ತಾರೆ.

ನಮ್ಮ ಊರುಗಳಲ್ಲಿ ದೇವರು ಮೈಮೇಲೆ ಬರುವುದನ್ನು ಕಂಡವರಿಗೆ ಇದು ಪೂರ್ತಿ ಅಪರಿಚಿತವೆನಿಸದು. ವ್ಯತ್ಯಾಸವೆಂದರೆ ನಮ್ಮಲ್ಲಿ ದೇವತೆ ಮನುಷ್ಯನೊಳಗೆ ಬಂದರೆ, ಸಾನ್ ನಂಬಿಕೆಯಲ್ಲಿ ಮನುಷ್ಯನೇ ದೇಹ ಬಿಟ್ಟು ಆತ್ಮಗಳ ಲೋಕಕ್ಕೆ ಹೋಗಿ, ಅಲ್ಲಿ ರೋಗದ ಮೂಲದೊಡನೆ ಸೆಣಸಿ, ಮರಳಿ ಬರುತ್ತಾನೆ. ಹೀಗೆ ಹೋಗುವವರನ್ನು ಸಂಶೋಧಕರು ಶಾಮನ್ ಎನ್ನುತ್ತಾರೆ. ಹೀಗೆ ಹೋಗುವುದನ್ನು ಸಾನ್ ಜನ ಸಾಯುವುದು ಎನ್ನುತ್ತಾರೆ. ಚಿಂಗ್ ಹೇಳಿದ ‘ಸತ್ತವರು’ ಯಾರೆಂಬುದಕ್ಕೆ, ಕುಣಿತದಿಂದ ಅವರು ‘ಕೆಟ್ಟದ್ದು’ ಹೇಗೆಂಬುದಕ್ಕೆ ಲೂಯಿಸ್-ವಿಲಿಯಮ್ಸ್ ಇಲ್ಲಿ ಉತ್ತರ ಕಂಡರು.

1970ರ ದಶಕದ ಮಧ್ಯದಲ್ಲಿ ಅವರು ಮಾನವಶಾಸ್ತ್ರಜ್ಞೆ ಮೆಗನ್ ಬೀಸಲಿ ಅವರೊಡನೆ ಕಲಹಾರಿಗೆ ಹೋಗಿ, ಎಲಾಂಡ್ ಕುರಿತ ಆಚರಣೆಗಳನ್ನು ವಿಚಾರಿಸಿದರು. ಹುಡುಗನ ಮೊದಲ ಬೇಟೆ, ಹುಡುಗಿ ಮೈನೆರೆದಾಗಿನ ಕುಣಿತ, ಮದುವೆ, ವಾಸಿಯಾಗಿಸುವ ಕುಣಿತ ಎಲ್ಲದರಲ್ಲೂ ಎಲಾಂಡ್‌ಗೆ ಸ್ಥಾನವಿತ್ತು. ಅತಿ ಕೊಬ್ಬುಳ್ಳ ಆ ಪ್ರಾಣಿಯಲ್ಲಿ ಕುಣಿಯುವವರಿಗೆ ಬೇಕಾದ ಶಕ್ತಿ ತುಂಬಿದೆ ಎಂಬ ನಂಬಿಕೆ, ನೂರು ವರ್ಷ ಹಿಂದೆ ನೂರಾರು ಮೈಲಿ ದೂರದಲ್ಲಿ ಖಾಮ್ ಜನ ಹೇಳಿದ್ದಕ್ಕೆ ಹೊಂದುತ್ತಿತ್ತು. ಮಪೋಟೆ ಎಲಾಂಡ್ ರಕ್ತವನ್ನೇ ಕೇಳಿದ್ದಕ್ಕೂ ಇಲ್ಲಿ ಕಾರಣ ಕಾಣುತ್ತದೆ: ಬಣ್ಣದಲ್ಲೇ ಆ ಶಕ್ತಿ ಇರಬೇಕಿತ್ತು.

ಗೇಮ್ ಪಾಸ್‌ನ ಒಂದು ಚಿತ್ರ

ಈ ಮೂರು ಸಾಕ್ಷಿಗಳು ಒಂದೆಡೆ ಸೇರುವುದು ಹೇಗೆಂದು ನೋಡಲು ಡ್ರೇಕನ್ಸ್‌ಬರ್ಗ್‌ನ ಕಾಂಬರ್ಗ್ ಬಳಿಯ ಗೇಮ್ ಪಾಸ್ ಕಲ್ಲಾಸರೆಗಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ಒಂದು ಎಲಾಂಡ್ ಇದೆ. ತಲೆ ಕೆಳಗೆ ಜೋತಿದೆ, ಮೈಯ ಕೂದಲು ನಿಮಿರಿ ನಿಂತಿದೆ, ಹಿಂಗಾಲುಗಳು ಒಂದರ ಮೇಲೊಂದು ಅಡ್ಡಬಿದ್ದಿವೆ. ವಿಷದ ಬಾಣ ತಗಲಿದ ಎಲಾಂಡ್ ಕೂಡಲೇ ಸಾಯುವುದಿಲ್ಲ. ವಿಷ ಮೈಗೇರಿದಂತೆ ತೂರಾಡಿ, ತಲೆ ತಗ್ಗಿಸಿ ಹೀಗೆಯೇ ಕುಸಿಯುತ್ತದೆ. ಅದರ ಬಾಲ ಹಿಡಿದು ಮನುಷ್ಯಾಕೃತಿಯೊಂದು ನಿಂತಿದೆ. ಅದರ ಕಾಲುಗಳೂ ಎಲಾಂಡ್‌ನ ಕಾಲುಗಳಂತೆಯೇ ಅಡ್ಡಬಿದ್ದಿವೆ. ಹತ್ತಿರದಿಂದ ನೋಡಿದರೆ ಪಾದಗಳಿರಬೇಕಾದಲ್ಲಿ ಗೊರಸುಗಳು ಕಾಣುತ್ತವೆ.

ಬೇಟೆಯ ದೃಶ್ಯವೆಂದು ಇದನ್ನು ಹೇಳಿ ಮುಗಿಸಿದರೆ ಗೊರಸಿಗೆ ಕಾರಣ ಸಿಗುವುದಿಲ್ಲ. ಸಾಯುತ್ತಿರುವ ಪ್ರಾಣಿ ಮತ್ತು ಮೈಮರೆತು ‘ಸಾಯುತ್ತಿರುವ’ ಶಾಮನ್ ಒಂದೇ ಅನುಭವದ ಎರಡು ಮುಖಗಳು, ಎಲಾಂಡ್‌ನಿಂದ ಬಿಡುಗಡೆಯಾದ ಶಕ್ತಿಯನ್ನು ಆತ ಪಡೆಯುತ್ತಿದ್ದಾನೆ, ಪಡೆಯುತ್ತ ಅದರಂತೆಯೇ ಆಗುತ್ತಿದ್ದಾನೆ ಎಂದು ಓದಿದಾಗ ಕಾಲು, ಗೊರಸು, ಬಾಲ ಹಿಡಿದ ಕೈ ಎಲ್ಲವೂ ಒಂದು ಅರ್ಥಕ್ಕೆ ಕೂಡಿಬರುತ್ತವೆ. ಬೇರೆ ನೆಲೆಗಳಲ್ಲಿ ಕಾಣುವ, ಮುಂದಕ್ಕೆ ಬಾಗಿದ, ತೋಳು ಹಿಂಚಾಚಿದ, ಮೂಗಿನಿಂದ ರಕ್ತ ಸುರಿಯುವ ಆಕೃತಿಗಳೂ ಈ ಬೆಳಕಿನಲ್ಲಿ ಸ್ಪಷ್ಟವಾದವು. ವಾಸಿ ಮಾಡುವವರ ಮೂಗಿನಲ್ಲಿ ರಕ್ತ ಬರುವುದನ್ನು ಖಾಮ್ ಜನ ಲಾಯ್ಡ್ ಅವರಿಗೆ ಹೇಳಿದ್ದರು.

ಈ ಬಗೆಯ ಓದನ್ನು ಮಂಡಿಸಿದ ಲೂಯಿಸ್-ವಿಲಿಯಮ್ಸ್ ಅವರ ಸಂಶೋಧನಾ ಪ್ರಬಂಧ 1981ರಲ್ಲಿ ಪುಸ್ತಕವಾಗಿ ಬಂದಿತು. ಜೊಹಾನ್ಸ್‌ಬರ್ಗ್‌ನ ವಿಟ್‌ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅವರು ಕಟ್ಟಿದ ಸಂಶೋಧನಾ ಘಟಕ ಮುಂದೆ ಬಂಡೆಕಲೆಯ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು.

ಒಪ್ಪದವರ ವಾದ

1988ರಲ್ಲಿ ಅವರು ಥಾಮಸ್ ಡೌಸನ್ ಜೊತೆ ಮತ್ತೊಂದು ಹೆಜ್ಜೆ ಇಟ್ಟರು. ಮೈಮರೆತ ಸ್ಥಿತಿಯಲ್ಲಿ ಕಣ್ಣೆದುರು ತೇಲುವ ಅಂಕುಡೊಂಕು ಗೆರೆ, ಚುಕ್ಕೆ, ಜಾಲರಿಗಳು ಮನುಷ್ಯನ ನರಮಂಡಲದಿಂದಲೇ ಹುಟ್ಟುವುದರಿಂದ ಎಲ್ಲ ಕಾಲದ ಮನುಷ್ಯರಿಗೂ ಅವು ಸಮಾನ, ಹಾಗಾಗಿ ಯುರೋಪಿನ ಹಿಮಯುಗದ ಗುಹಾಚಿತ್ರಗಳನ್ನೂ ಹೀಗೆ ಓದಬಹುದು ಎಂಬುದು ಅವರ ವಾದ. ಇದಕ್ಕೆ ತೀವ್ರ ವಿರೋಧ ಬಂದಿತು. ಯುರೋಪಿನ ಗುಹೆಗಳಿಗೆ ಕಾಬ್ಬೊ ಇಲ್ಲ, ಚಿಂಗ್ ಇಲ್ಲ. ಬರೆದವರ ಮಾತಿನ ಆಧಾರ ಅಲ್ಲಿ ಇಲ್ಲವೇ ಇಲ್ಲ. ಈ ಆಕ್ಷೇಪ ನನಗೆ ತೂಕದ್ದೆಂದು ತೋರುತ್ತದೆ, ಏಕೆಂದರೆ ಸಾನ್ ಚಿತ್ರಗಳ ವಿವರಣೆಗೆ ಬಲ ಬಂದದ್ದೇ ಆ ಮಾತುಗಳಿಂದ.

ಸಾನ್ ಚಿತ್ರಗಳ ಬಗ್ಗೆಯೂ ಭಿನ್ನಮತವಿದೆ. ಅರೆಮನುಷ್ಯ ಆಕೃತಿಗಳು ಶಾಮನ್‌ಗಳಲ್ಲ, ನಿಜವಾಗಿ ಸತ್ತವರ ಆತ್ಮಗಳು ಅಥವಾ ಪುರಾಣಕಾಲದ ಜೀವಿಗಳು ಎಂದು ಆನ್ ಸೊಲೊಮನ್ ಅದೇ ಹಸ್ತಪ್ರತಿಗಳನ್ನು ಆಧರಿಸಿ ವಾದಿಸಿದ್ದಾರೆ. ಕಲಹಾರಿಯಲ್ಲಿ ಈಚೆಗೆ ಕಂಡ ಕುಣಿತವನ್ನು ಸಾವಿರಾರು ವರ್ಷ ಹಿಂದಿನ ಬೆಟ್ಟದ ಚಿತ್ರಗಳಿಗೆ ಅನ್ವಯಿಸಿದರೆ ಸಾನ್ ಜನಕ್ಕೆ ಇತಿಹಾಸವೇ ಇಲ್ಲವೆಂದಂತಾಗುತ್ತದೆ ಎಂಬ ಎಚ್ಚರಿಕೆಯೂ ಕೇಳಿಬಂದಿದೆ. ಕಿರಿಯ ಸಂಶೋಧಕರು ಅದಕ್ಕಾಗಿಯೇ 19ನೆಯ ಶತಮಾನದ ಕುದುರೆಸವಾರರ ಚಿತ್ರಗಳತ್ತ ತಿರುಗಿ, ಸಾನ್, ದನ-ಕುರಿ ಸಾಕುವ ಖೋಯಿ ಮತ್ತು ಕೃಷಿಕ ಸಮುದಾಯಗಳ ಜನ ಬೆರೆತು ರೂಪಿಸಿಕೊಂಡ ಹೊಸ ಗುಂಪುಗಳನ್ನು ಗುರುತಿಸುತ್ತಿದ್ದಾರೆ.

ಪರಂಪರೆಯ ರಕ್ಷಣೆ ಎಂದರೇನು?

ಲಿಂಟನ್ ಬಂಡೆಯಂತೆ ಎಲ್ಲ ಚಿತ್ರಗಳನ್ನೂ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಕಾಯಲಾಗದು. ಕಲ್ಲು ತಾನಾಗಿ ಹಕ್ಕಳೆಯೇಳುತ್ತದೆ. ದನಗಳು ಮೈ ಉಜ್ಜುತ್ತವೆ. ಬೆಂಕಿಯ ಹೊಗೆ ಮೆತ್ತುತ್ತದೆ. ಬಂದವರು ಹೆಸರು ಕೆತ್ತುತ್ತಾರೆ. ಬಣ್ಣ ಎದ್ದು ಕಾಣಲೆಂದು ನೀರು ಎರಚುವ ಅಭ್ಯಾಸದಿಂದಲೂ ಬಹಳ ಹಾನಿಯಾಗಿದೆ, ಏಕೆಂದರೆ ನೀರು ಆರಿದ ಮೇಲೆ ಕಲ್ಲಿನೊಳಗಿನ ಲವಣ ಮೇಲೆ ಬಂದು ಚಿತ್ರದ ಮೇಲೆ ಪೊರೆ ಕಟ್ಟುತ್ತದೆ. ದಕ್ಷಿಣ ಆಫ್ರಿಕಾದ 1999ರ ರಾಷ್ಟ್ರೀಯ ಪರಂಪರೆ ಕಾಯಿದೆ 100 ವರ್ಷಕ್ಕಿಂತ ಹಳೆಯ ಬಂಡೆಕಲೆಯ ಜೊತೆಗೆ ಅದರ ಸುತ್ತಲಿನ 10 ಮೀಟರ್ ಜಾಗಕ್ಕೂ ರಕ್ಷಣೆ ಕೊಡುತ್ತದೆ. ಗೇಮ್ ಪಾಸ್‌ಗೆ ಹೋಗಬೇಕಾದರೆ ಮಾರ್ಗದರ್ಶಕರ ಜೊತೆಯಲ್ಲೇ ಹೋಗಬೇಕು.

ದಾಖಲಾತಿಯೂ ರಕ್ಷಣೆಯೇ. ಪಾರದರ್ಶಕ ಹಾಳೆಯನ್ನು ಚಿತ್ರದ ಮೇಲೆ ಹರಡಿ, ಅದರ ಅಂಚನ್ನು ಚಿತ್ರವಿಲ್ಲದ ಕಲ್ಲಿಗೆ ಅಂಟಿಸಿ, ಮೊನಚು ಪೆನ್ಸಿಲಿನಿಂದ ಪ್ರತಿ ಗೆರೆಯನ್ನೂ ನಕಲಿಸುವ ನಿಧಾನದ ಕೆಲಸವನ್ನು ಲೂಯಿಸ್-ವಿಲಿಯಮ್ಸ್ ತಮ್ಮ ವಿದ್ಯಾರ್ಥಿಗಳಿಗೆ ಕಲಿಸಿದರು. ಕ್ಯಾಮೆರಾಗೆ ತಪ್ಪಿಹೋಗುವ ಗೊರಸು, ಮೂಗಿನ ರಕ್ತದ ಗೆರೆ ಕೈಗೆ ಸಿಗುವುದು ಹಾಗೆ. ಈಗ ಮಾಸಿದ ಬಣ್ಣವನ್ನು ಎತ್ತಿ ತೋರಿಸುವ ಡಿ-ಸ್ಟ್ರೆಚ್‌ನಂಥ ತಂತ್ರಾಂಶಗಳೂ ನೆರವಿಗಿವೆ.

ಆದರೆ ಚಿತ್ರವನ್ನು ಕಾಪಾಡುವುದಕ್ಕೂ ಚಿತ್ರ ಬರೆದವರ ವಂಶದವರನ್ನು ಗೌರವಿಸುವುದಕ್ಕೂ ನಡುವೆ ಬಹುಕಾಲ ಅಂತರವಿತ್ತು. ಕೇಪ್‌ಟೌನ್‌ನ ವಸ್ತುಸಂಗ್ರಹಾಲಯದಲ್ಲಿ ಸಾನ್ ಮತ್ತು ಖೋಯಿ ಜನರ ದೇಹಗಳಿಂದ ಅಚ್ಚು ತೆಗೆದು ಮಾಡಿದ ಬೊಂಬೆಗಳನ್ನು ಪ್ರಾಣಿಗಳ ಮಾದರಿಗಳಿದ್ದ ಕಟ್ಟಡದಲ್ಲೇ ಪ್ರದರ್ಶನಕ್ಕಿಡಲಾಗಿತ್ತು. ಆ ದೃಶ್ಯವನ್ನು ಮುಚ್ಚಿದ್ದು 2001ರಲ್ಲಿ. 2010ರಲ್ಲಿ ನಮೀಬಿಯಾದ ಸಾನ್ ಪುರುಷರ ವಂಶವಾಹಿ ಅಧ್ಯಯನವೊಂದು ಪ್ರಕಟವಾದಾಗ, ತಮ್ಮ ನಾಯಕರನ್ನು ಕೇಳಲಿಲ್ಲವೆಂದೂ ಬಳಸಿದ ಪದಗಳು ಅವಮಾನಕರವೆಂದೂ ಸಾನ್ ಸಂಘಟನೆಗಳು ಪ್ರತಿಭಟಿಸಿದವು. 2017ರಲ್ಲಿ ಅವರು ತಮ್ಮದೇ ಸಂಶೋಧನಾ ನೀತಿಸಂಹಿತೆ ಹೊರತಂದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಮತ್ತು ಸರಿಯಾದ ಕ್ರಮ ಎಂಬ ತಲೆಬರಹಗಳಡಿ, ಸಂಶೋಧಕರು ಕೆಲಸ ಆರಂಭಿಸುವ ಮುನ್ನವೇ ಸಮುದಾಯದ ಒಪ್ಪಿಗೆ ಪಡೆಯಬೇಕು, ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು, ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಸಿಕ್ಕ ಲಾಭದಲ್ಲಿ ಪಾಲು ಕೊಡಬೇಕು ಎಂದು ಅದು ಕೇಳುತ್ತದೆ. ಮುಂದೆ ಸಾನ್ ಪರಂಪರೆಯನ್ನು ಅಭ್ಯಾಸ ಮಾಡಬಯಸುವ ಪುರಾತತ್ವಜ್ಞರು ಬಂಡೆಯ ಬಳಿಗೆ ಹೋಗುವ ಮೊದಲು ಹೋಗಬೇಕಾದದ್ದು ಆ ಸಮುದಾಯದ ಬಳಿಗೆ.